ಅವಳು ಅಂದುಕೊಂಡದ್ದು: ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಣ್ಣಿನ ಒಳಮಾತು

ಯೋಚನೆ ಮಾಡುವುದಕ್ಕೆ ಕನ್ನಡದಲ್ಲಿ ನಾವು ದಿನಾ ಬಳಸುವ ಪದ ಯಾವುದು ಹೇಳಿ? 'ಅಂದುಕೊಳ್ಳುವುದು'. ನಾನು ಹೀಗೆ ಅಂದುಕೊಂಡೆ, ಅವಳು ಹಾಗೆ ಅಂದುಕೊಂಡಳು. ಈ ಪದವನ್ನು ಸ್ವಲ್ಪ ಬಿಡಿಸಿ ನೋಡಿ. 'ಅನ್ನು' ಅಂದರೆ ಹೇಳು. ಅದಕ್ಕೆ 'ಕೊಳ್ಳು' ಸೇರಿದೆ. ಕೂದಲು ಬಾಚಿಕೊಂಡೆ, ಬುತ್ತಿ ಕಟ್ಟಿಕೊಂಡೆ ಅನ್ನುತ್ತೇವಲ್ಲ, ಅದೇ 'ಕೊಳ್ಳು'. ಹಾಗಾದರೆ ಅಂದುಕೊಂಡೆ ಅಂದರೆ, ಮಾತನ್ನು ಆಡಿ ನನ್ನ ಹತ್ತಿರವೇ ಇಟ್ಟುಕೊಂಡೆ ಅಂತ. ಯೋಚನೆ ಅನ್ನುವುದು ಒಂದು ಮಾತು, ಅದು ಹೊರಗೆ ಹೋಗದೆ ಉಳಿದದ್ದು ಅಂತ ನಮ್ಮ ಭಾಷೆಗೆ ಮೊದಲಿನಿಂದಲೂ ಗೊತ್ತು. ಇಂಗ್ಲಿಷಿನ 'ಥಿಂಕ್' ಅನ್ನುವ ಪದದಲ್ಲಿ ಮಾತಿನ ಸುಳಿವೇ ಇಲ್ಲ.

ನನ್ನ ಅಜ್ಜಿ ರೊಟ್ಟಿ ಬಡಿಯುವಾಗ ಅವರ ತುಟಿ ಅಲ್ಲಾಡುತ್ತಿತ್ತು. ದನಿ ಇಲ್ಲ, ತುಟಿ ಮಾತ್ರ. ನಡುನಡುವೆ ಹುಬ್ಬು ಗಂಟಿಕ್ಕುವುದು, ತಲೆ ಒಮ್ಮೆ ಇಲ್ಲ ಅನ್ನುವ ಹಾಗೆ ಆಡುವುದು. ರೊಟ್ಟಿ ಬಡಿಯುವ ಕೈ ಮಾತ್ರ ನಿಲ್ಲುತ್ತಿರಲಿಲ್ಲ. ನಾನು ಚಿಕ್ಕವಳು, 'ಏನಂದಿ ಅಜ್ಜಿ?' ಅಂತ ಕೇಳುತ್ತಿದ್ದೆ. 'ನಿನಗಲ್ಲ ಬಿಡು' ಅನ್ನುತ್ತಿದ್ದರು. ನನಗಲ್ಲ, ಸರಿ. ಹಾಗಾದರೆ ಯಾರಿಗೆ? ಅಡುಗೆಮನೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಇಂಗ್ಲಿಷ್ ಕಾದಂಬರಿ ಓದಿದೆ, ಪಾಠ ಮಾಡಿದೆ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೆಂಗಸಿನ ಒಳಮಾತು ಯಾರಿಗೆ ಆಡಿದ್ದು? ಅದರಲ್ಲಿರುವುದು ಯಾರ ಮಾತು?

ಹೆಂಗಸರು ಬರೆದ ಕಾದಂಬರಿಗಳ ಬಗ್ಗೆ ಒಂದು ಅಭಿಪ್ರಾಯ ಬಹಳ ದಿನದಿಂದ ಓಡಾಡುತ್ತಿದೆ. ಅವುಗಳಲ್ಲಿ ಮನಸ್ಸು ನೀರಿನ ಹಾಗೆ ಹರಿಯುತ್ತದೆ, ಭಾವನೆ ಜಾಸ್ತಿ, ತರ್ಕ ಕಡಿಮೆ, ಹೆಣ್ಣಿನ ಮನಸ್ಸೇ ಹಾಗೆ ಅಂತ. ಹೊಗಳಿಕೆಯ ಹಾಗೆಯೇ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನಾನು ಓದಿದ ಮಟ್ಟಿಗೆ ಆ ಒಳಮಾತು ಹೆಚ್ಚಾಗಿ ವಾದ, ಜಗಳ, ಯಾರೂ ಕೇಳಿಸಿಕೊಳ್ಳದ ಉತ್ತರ. ಅದರಲ್ಲಿ ಅವಳ ಮಾತಿನ ಜೊತೆ ಬೇರೆಯವರ ಮಾತೂ ಸೇರಿರುತ್ತದೆ. ಗಂಡನದು, ಅತ್ತೆಯದು, ಊರಿನವರದು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಅವಳು ಕೂತು ಆರಿಸುತ್ತಿರುತ್ತಾಳೆ, ಇದು ನನ್ನದು, ಇದು ಅವರದು ಅಂತ. ಆ ಆರಿಸುವ ಕೆಲಸವನ್ನು ಬರೆದದ್ದೇ ಈ ಲೇಖಕಿಯರ ದೊಡ್ಡ ಸಾಧನೆ ಅಂತ ನನಗೆ ಅನ್ನಿಸುತ್ತದೆ.

ಇದಕ್ಕೆ ಮನಶ್ಶಾಸ್ತ್ರದಲ್ಲೂ ಒಂದು ಆಧಾರ ಇದೆ. ರಷ್ಯಾದ ವೈಗೋಟ್ಸ್ಕಿ ಅವರ ಪುಸ್ತಕ 1934ರಲ್ಲಿ ಬಂತು, ಅವರು ತೀರಿಕೊಂಡ ವರ್ಷವೇ. ಮಕ್ಕಳು ಆಟ ಆಡುವಾಗ ತಮ್ಮಷ್ಟಕ್ಕೆ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಾರಲ್ಲ, 'ಈಗ ಇದನ್ನು ಇಲ್ಲಿಡಬೇಕು, ಅಯ್ಯೋ ಬಿತ್ತು' ಅಂತ? ಆ ಮಾತೇ ದೊಡ್ಡವರಾಗುತ್ತಾ ಒಳಗೆ ಹೋಗುತ್ತದೆ ಅಂತ ಅವರು ಹೇಳಿದರು. ಅಂದರೆ ಒಳಮಾತು ಮೊದಲು ಹೊರಮಾತು. ನಾಲ್ಕು ಜನರ ನಡುವೆ ಕಲಿತದ್ದು. ಹಾಗಿದ್ದ ಮೇಲೆ ಆ ನಾಲ್ಕು ಜನರ ದನಿ ಅದರಲ್ಲಿ ಇಲ್ಲದೆ ಇರುತ್ತದಾ?

ಈಗ ಜೇನ್ ಆಸ್ಟಿನ್. 1815ರ ಡಿಸೆಂಬರಿನಲ್ಲಿ ಬಂದ 'ಎಮ್ಮಾ'ದ ಒಂದು ಪುಟ ಸಾಕು. ಎಮ್ಮಾ ವುಡ್‌ಹೌಸ್ ಶ್ರೀಮಂತರ ಮನೆಯ ಹುಡುಗಿ. ತನ್ನ ಗೆಳತಿ ಹ್ಯಾರಿಯೆಟ್‌ಗೂ ಊರಿನ ಪಾದ್ರಿ ಎಲ್ಟನ್‌ಗೂ ಮದುವೆ ಮಾಡಿಸಬೇಕು ಅಂತ ತಿಂಗಳುಗಟ್ಟಲೆ ಓಡಾಡಿರುತ್ತಾಳೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಊಟ ಮುಗಿಸಿ ಬರುವಾಗ ಕುದುರೆಗಾಡಿಯಲ್ಲಿ ಅದೇ ಎಲ್ಟನ್ ಎಮ್ಮಾಳ ಕೈ ಹಿಡಿದು, ನಾನು ಪ್ರೀತಿಸುವುದು ನಿನ್ನನ್ನೇ ಅನ್ನುತ್ತಾನೆ. ಮುಂದಿನ ಅಧ್ಯಾಯ ಶುರುವಾಗುವುದು ಹೀಗೆ: ಕೂದಲಿಗೆ ಸುರುಳಿ ಹಾಕಿಯಾಯಿತು, ಕೆಲಸದವಳನ್ನು ಕಳಿಸಿಯಾಯಿತು, ಎಮ್ಮಾ ಯೋಚಿಸುತ್ತಾ ಸಂಕಟಪಡಲು ಕೂತಳು. ಆಮೇಲೆ ತಕ್ಷಣ: ಎಂಥ ಕೆಟ್ಟ ಕೆಲಸವಾಯಿತು! ಅಂದುಕೊಂಡದ್ದೆಲ್ಲ ತಲೆಕೆಳಗಾಯಿತಲ್ಲ! ಹ್ಯಾರಿಯೆಟ್‌ಗೆ ಎಂಥ ಪೆಟ್ಟು!

ಇಲ್ಲಿ ಏನಾಯಿತು ಅಂತ ಕನ್ನಡದಲ್ಲೇ ತೋರಿಸುತ್ತೇನೆ. "ನಾನು ಎಂಥ ಕೆಲಸ ಮಾಡಿದೆ!" ಅಂತ ಎಮ್ಮಾ ಅಂದುಕೊಂಡಳು. ಇದು ಒಂದು ರೀತಿ. ತಾನು ತಪ್ಪು ಮಾಡಿದೆ ಅಂತ ಎಮ್ಮಾ ಅಂದುಕೊಂಡಳು. ಇದು ಇನ್ನೊಂದು. ಎರಡರಲ್ಲೂ ಒಂದು 'ಅಂತ' ಇದೆ. ಆ 'ಅಂತ' ಒಂದು ಬಾಗಿಲು ಇದ್ದ ಹಾಗೆ. ಅದರ ಆಚೆ ಎಮ್ಮಾ, ಈಚೆ ಕತೆ ಹೇಳುವವರು. ಆಸ್ಟಿನ್ ಆ ಬಾಗಿಲನ್ನೇ ತೆಗೆದುಬಿಟ್ಟರು. 'ಅಂತ' ಇಲ್ಲ, 'ಅಂದುಕೊಂಡಳು' ಇಲ್ಲ. ಎಂಥ ಕೆಟ್ಟ ಕೆಲಸವಾಯಿತು! ಇದನ್ನು ಹೇಳುತ್ತಿರುವವರು ಯಾರು? ಎಮ್ಮಾಳಾ, ಲೇಖಕಿಯಾ? ಇಬ್ಬರೂ. ಒಂದೇ ವಾಕ್ಯದಲ್ಲಿ ಎರಡು ದನಿ. ಈ ಬಗೆಯ ಬರವಣಿಗೆ ಅದಕ್ಕೂ ಮೊದಲು ಅಲ್ಲಿ ಇಲ್ಲಿ ಕಾಣುತ್ತಿತ್ತು. ಇಡೀ ಕಾದಂಬರಿಯನ್ನು ಅದರ ಮೇಲೆ ನಿಲ್ಲಿಸಿದವರಲ್ಲಿ ಆಸ್ಟಿನ್ ಮೊದಲಿಗರು.

ಅನುವಾದ ಮಾಡುವವರು ಇಲ್ಲಿ ಯಾರಾದರೂ ಇದ್ದರೆ ಒಂದು ಮಾತು. ನಮಗೆ 'ತಾನು' ಅನ್ನುವ ಸರ್ವನಾಮ ಇದೆ, ಇಂಗ್ಲಿಷಿಗೆ ಅದು ಇಲ್ಲ. 'ಅವಳು ಬರುವುದಿಲ್ಲ ಅಂದಳು', 'ತಾನು ಬರುವುದಿಲ್ಲ ಅಂದಳು' ಇವೆರಡರ ವ್ಯತ್ಯಾಸ ನಮ್ಮ ಮಕ್ಕಳಿಗೂ ಗೊತ್ತು. ಹಾಗಾಗಿ ಆಸ್ಟಿನ್ ಅವರ ಈ ವಾಕ್ಯಗಳನ್ನು ಕನ್ನಡಕ್ಕೆ ತರುವಾಗ ಪ್ರತಿ ಸಲವೂ ಒಂದು ತೀರ್ಮಾನ ಮಾಡಬೇಕು. 'ತಾನು' ಹಾಕಿದರೆ ಎಮ್ಮಾಳ ತಲೆಯೊಳಗೆ ಕೂತ ಹಾಗಾಗುತ್ತದೆ, 'ಅವಳು' ಹಾಕಿದರೆ ಹೊರಗೆ ನಿಂತ ಹಾಗಾಗುತ್ತದೆ. ಎರಡೂ ಕಡೆ ಒಟ್ಟಿಗೆ ನಿಲ್ಲುವುದು ಕಷ್ಟ. ಎಷ್ಟೋ ಸಲ ಸರ್ವನಾಮವನ್ನೇ ಬಿಟ್ಟುಬಿಡುವುದು ಒಳ್ಳೆಯ ದಾರಿ. ಕನ್ನಡದಲ್ಲಿ ಅದು ಸಲೀಸು.

ಎಮ್ಮಾಳ ಕೋಣೆಗೆ ವಾಪಸ್ ಬರೋಣ. ಆ ರಾತ್ರಿ ಅವಳು ಗೆಳತಿಗಾಗಿ ನಿಜವಾಗಿ ನೊಂದುಕೊಳ್ಳುತ್ತಾಳೆ. ಹಾಗೇ ಯೋಚಿಸುತ್ತಾ ಯೋಚಿಸುತ್ತಾ ಮಾತು ಬೇರೆ ಕಡೆ ತಿರುಗುತ್ತದೆ. ವುಡ್‌ಹೌಸ್ ಮನೆತನ ಎಷ್ಟೋ ತಲೆಮಾರಿನಿಂದ ಹಾರ್ಟ್‌ಫೀಲ್ಡ್‌ನಲ್ಲಿ ಇದೆ, ಈ ಎಲ್ಟನ್‌ಗಳು ಯಾರು? ಯಾರೂ ಅಲ್ಲ! ನನ್ನ ಸಮಕ್ಕೆ ಬರಲು ಅವನಿಗೆ ಎಷ್ಟು ಧೈರ್ಯ! ಇದು ಎಮ್ಮಾಳ ಸ್ವಂತ ಮಾತಾ? ಇದು ಊರಿನ ದಿವಾನಖಾನೆಗಳಲ್ಲಿ ಚಹಾ ಕುಡಿಯುತ್ತಾ ಆಡುವ ಮಾತು. ಅವಳು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದು. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತಿದ್ದಾಳೆ, ಆದರೂ ಊರು ಅವಳ ತಲೆಯೊಳಗೆ ಮಾತಾಡುತ್ತಿದೆ.

ಇನ್ನೊಂದು ವಿಷಯವನ್ನೂ ಗಮನಿಸಿ. ಕೆಲಸದವಳನ್ನು ಕಳಿಸಿಯಾಯಿತು. ಎಮ್ಮಾಳ ಕೂದಲಿಗೆ ಸುರುಳಿ ಹಾಕಿದ ಆ ಹುಡುಗಿಯೂ ಏನಾದರೂ ಅಂದುಕೊಂಡಿರುತ್ತಾಳೆ, ಅಲ್ವಾ? ಆದರೆ ಅವಳು ಕೋಣೆಯಿಂದ ಹೋದ ಮೇಲೆಯೇ ಯೋಚನೆ ಶುರುವಾಗುವುದು. ಈ ಹುಡುಗಿಯನ್ನು ನೆನಪಿಟ್ಟುಕೊಳ್ಳಿ.

ಆಸ್ಟಿನ್ ಬದುಕಿದ್ದಾಗ ಅವರ ಯಾವ ಕಾದಂಬರಿಯ ಮೇಲೂ ಅವರ ಹೆಸರು ಬರಲಿಲ್ಲ. 1811ರ ಮೊದಲ ಕಾದಂಬರಿಯ ಮೇಲೆ 'ಒಬ್ಬ ಮಹಿಳೆ ಬರೆದದ್ದು' ಅಂತ ಮಾತ್ರ ಇತ್ತು. ಷಾರ್ಲಟ್ ಬ್ರಾಂಟೆ 1847ರಲ್ಲಿ 'ಜೇನ್ ಐರ್' ತಂದಾಗ ಕರರ್ ಬೆಲ್ ಅನ್ನುವ ಹೆಸರು ಇಟ್ಟುಕೊಂಡರು. ಅದಕ್ಕೂ ಸುಮಾರು ಹತ್ತು ವರ್ಷ ಮೊದಲು, 1836ರ ಕೊನೆಯಲ್ಲಿ, ಅವರು ತಮ್ಮ ಪದ್ಯಗಳನ್ನು ಆಗಿನ ರಾಜಕವಿ ರಾಬರ್ಟ್ ಸದೆ ಅವರಿಗೆ ಕಳಿಸಿದ್ದರು. ಸಾಹಿತ್ಯ ಹೆಣ್ಣಿನ ಬದುಕಿನ ಕಸುಬು ಆಗಲಾರದು, ಆಗಲೂಬಾರದು ಅಂತ 1837ರಲ್ಲಿ ಉತ್ತರ ಬಂತು. ಹೊರಗೆ ಮಾತಾಡಲು ಹೋದರೆ ಸಿಗುತ್ತಿದ್ದ ಉತ್ತರ ಇದು. ಈಗ ಜೇನ್ ಐರ್ ಒಳಗೆ ಹೇಗೆ ಮಾತಾಡುತ್ತಾಳೆ ನೋಡಿ.

ಜೇನ್‌ಗೆ ಹದಿನೆಂಟು ವರ್ಷ. ಅನಾಥೆ. ಲೋವುಡ್ ಅನ್ನುವ ಶಾಲೆಯಲ್ಲಿ ಎಂಟು ವರ್ಷ ಕಳೆದಿದ್ದಾಳೆ, ಕೊನೆಯ ಎರಡು ವರ್ಷ ಅಲ್ಲೇ ಟೀಚರ್. ಅಲ್ಲಿಂದ ಹೊರಗೆ ಹೋಗಬೇಕು. ಕೇಳಲು ಯಾರೂ ಇಲ್ಲ. ರಾತ್ರಿ ಕೋಣೆಯಲ್ಲಿ ಜೊತೆಗಿರುವ ಇನ್ನೊಬ್ಬ ಟೀಚರ್ ಗೊರಕೆ ಹೊಡೆಯಲು ಶುರುಮಾಡಿದ ಮೇಲೆ ಅವಳಿಗೆ ಯೋಚಿಸಲು ಬಿಡುವು ಸಿಗುತ್ತದೆ. ಚಳಿ. ಹಾಸಿಗೆಯಲ್ಲಿ ಎದ್ದು ಕೂತು ಶಾಲು ಹೊದ್ದುಕೊಳ್ಳುತ್ತಾಳೆ. ನನಗೆ ಬೇಕಾದದ್ದು ಏನು? ಹೊಸ ಮನೆಯಲ್ಲಿ ಒಂದು ಹೊಸ ಕೆಲಸ, ಹೊಸ ಮುಖಗಳು. ಹೊಸ ಕೆಲಸ ಬೇಕಾದವರು ಏನು ಮಾಡುತ್ತಾರೆ? ಗೆಳೆಯರನ್ನು ಕೇಳುತ್ತಾರೆ. ನನಗೆ ಗೆಳೆಯರಿಲ್ಲ. ಗೆಳೆಯರಿಲ್ಲದವರು ಏನು ಮಾಡುತ್ತಾರೆ? ಗೊತ್ತಿಲ್ಲ. ತಲೆ ಬಿಸಿಯಾಗುವಷ್ಟು ಯೋಚಿಸುತ್ತಾಳೆ. ಎದ್ದು ಓಡಾಡಿ, ಕಿಟಕಿಯ ಪರದೆ ಸರಿಸಿ ನಕ್ಷತ್ರ ನೋಡಿ, ಮತ್ತೆ ಮಲಗುತ್ತಾಳೆ. ಆಗ ಉತ್ತರ ಬರುತ್ತದೆ: ಕೆಲಸ ಬೇಕಾದವರು ಜಾಹೀರಾತು ಕೊಡುತ್ತಾರೆ, ನೀನೂ ಪತ್ರಿಕೆಗೆ ಕೊಡು. ಹೇಗೆ? ನನಗೆ ಅದರ ಬಗ್ಗೆ ಏನೂ ಗೊತ್ತಿಲ್ಲವಲ್ಲ. ಒಂದು ಲಕೋಟೆಯಲ್ಲಿ ಜಾಹೀರಾತನ್ನೂ ದುಡ್ಡನ್ನೂ ಇಟ್ಟು ಸಂಪಾದಕರಿಗೆ ಅಂಚೆಗೆ ಹಾಕು. ಉತ್ತರವನ್ನು ಜೆ. ಇ. ಅನ್ನುವ ಹೆಸರಿಗೆ, ಅಂಚೆ ಕಚೇರಿಗೇ ತರಿಸಿಕೋ.

ಈ ಭಾಗವನ್ನು ಕ್ಲಾಸಿನಲ್ಲಿ ಓದುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಪ್ರೀತಿ ಪ್ರೇಮ ಏನೂ ಇಲ್ಲ ಇದರಲ್ಲಿ. ಒಂದು ಹುಡುಗಿ ನೌಕರಿ ಹುಡುಕುವುದು ಹೇಗೆ ಅಂತ ತನ್ನನ್ನೇ ಕೇಳಿಕೊಂಡು ತಾನೇ ಉತ್ತರ ಕೊಟ್ಟುಕೊಳ್ಳುತ್ತಿದ್ದಾಳೆ. ಅಮ್ಮನೂ ಅವಳೇ, ಅಣ್ಣನೂ ಅವಳೇ. ನಮ್ಮ ಎಷ್ಟು ಹುಡುಗಿಯರು ಹಾಸ್ಟೆಲ್ ಕೋಣೆಗಳಲ್ಲಿ ಹೀಗೆ ಕೂತಿಲ್ಲ? ಇಲ್ಲಿ ಹರಿಯುವ ನೀರು ಎಲ್ಲಿದೆ? ಇದು ಪ್ರಶ್ನೆ, ಉತ್ತರ, ಮರುಪ್ರಶ್ನೆ. ಗಟ್ಟಿ ತರ್ಕ.

ಮುಂದೆ ಜೇನ್ ಕೆಲಸಕ್ಕೆ ಸೇರಿದ ಮನೆಯ ಯಜಮಾನ, ಅವಳು ಮದುವೆಯಾಗಬೇಕಿದ್ದ ರಾಚೆಸ್ಟರ್‌ಗೆ ಹೆಂಡತಿ ಇದ್ದಾಳೆ ಅಂತ ಗೊತ್ತಾದಾಗಲೂ ಹೀಗೇ. ಅವನ ಜೊತೆ ಇದ್ದುಬಿಡು ಅಂತ ಒಳಗೆ ಒಂದು ದನಿ ಒತ್ತಾಯ ಮಾಡುತ್ತದೆ. ನಿನ್ನ ಬಗ್ಗೆ ಈ ಲೋಕದಲ್ಲಿ ಯಾರಿಗೆ ಚಿಂತೆ? ನೀನು ಏನು ಮಾಡಿದರೆ ಯಾರಿಗೆ ನಷ್ಟ? ಉತ್ತರ: ನನಗೆ ನನ್ನ ಚಿಂತೆ ಇದೆ. ಆ ಮೊದಲ ದನಿಯನ್ನು ಕೇಳಿ. ಅದು ರಾಚೆಸ್ಟರ್ ಆಡಿದ ವಾದವೇ. ಅವನ ಮಾತು ಅವಳ ಒಳಗೆ ಹೋಗಿ ಅವಳದೇ ದನಿಯಲ್ಲಿ ಮಾತಾಡುತ್ತಿದೆ. ಅದಕ್ಕೆ ಅವಳು ಉತ್ತರ ಕೊಡುತ್ತಿದ್ದಾಳೆ.

ಆದರೆ ಅದೇ ಮನೆಯ ಮೂರನೇ ಮಹಡಿಯಲ್ಲಿ ಇನ್ನೊಬ್ಬ ಹೆಂಗಸು ಇದ್ದಾಳೆ. ರಾಚೆಸ್ಟರ್‌ನ ಹೆಂಡತಿ ಬರ್ತಾ, ಜಮೈಕಾದವಳು, ಬೀಗದೊಳಗೆ ಇಟ್ಟವಳು. ಅವಳಿಗೆ ಸಿಕ್ಕಿರುವುದು ನಗು, ಗುರುಗುಡುವ ಸದ್ದು. ಅವಳು ಏನು ಅಂದುಕೊಂಡಳು ಅನ್ನುವುದಕ್ಕೆ ಒಂದು ವಾಕ್ಯವೂ ಇಲ್ಲ. ಒಬ್ಬ ಹೆಣ್ಣಿನ ಒಳಮಾತಿಗೆ ಇಷ್ಟು ಜಾಗ ಮಾಡಿಕೊಟ್ಟ ಕಾದಂಬರಿ ಇನ್ನೊಬ್ಬಳ ಮಾತನ್ನು ಪೂರ್ತಿ ಮುಚ್ಚಿಬಿಟ್ಟಿತು. 119 ವರ್ಷ ಆದಮೇಲೆ, 1966ರಲ್ಲಿ, ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ ಬರ್ತಾಳ ಬಾಯಿಂದಲೇ ಆ ಕತೆ ಹೇಳಿಸಿದರು. 'ವೈಡ್ ಸಾರ್ಗಾಸೋ ಸೀ' ಅನ್ನುವ ಆ ಕಾದಂಬರಿಯನ್ನು ದಯವಿಟ್ಟು ಓದಿ. ರೀಸ್ ಅವರ ಬಗ್ಗೆ ಇನ್ನೂ ಹೇಳುವುದಿದೆ, ಸ್ವಲ್ಪ ತಡೆಯಿರಿ.

ಜಾರ್ಜ್ ಎಲಿಯಟ್ ಅನ್ನುವ ಗಂಡು ಹೆಸರಿನಲ್ಲಿ ಬರೆದ ಲೇಖಕಿಯನ್ನು ಇವತ್ತು ದಾಟಿ ಹೋಗುತ್ತೇನೆ. ಅವರಿಗೇ ಒಂದು ಇಡೀ ಸಂಜೆ ಬೇಕು.

'ಪ್ರಜ್ಞಾಪ್ರವಾಹ' ಅನ್ನುವ ಮಾತು ನೀವೆಲ್ಲ ಕೇಳಿರುತ್ತೀರಿ, ಯೋಚನೆಗಳನ್ನು ಮನಸ್ಸಿಗೆ ಬಂದ ಹಾಗೆಯೇ ಬರೆಯುವ ರೀತಿ. ಕೇಳಿದ ಕೂಡಲೇ ಜೇಮ್ಸ್ ಜಾಯ್ಸ್ ನೆನಪಾಗುತ್ತಾರೆ. ಆ ಪದವನ್ನು ಮನಶ್ಶಾಸ್ತ್ರದಲ್ಲಿ ಪ್ರಸಿದ್ಧಿ ಮಾಡಿದವರು ವಿಲಿಯಂ ಜೇಮ್ಸ್, 1890ರ ಪುಸ್ತಕದಲ್ಲಿ. 1918ರಲ್ಲಿ ಮೇ ಸಿಂಕ್ಲೇರ್ ಅನ್ನುವ ಲೇಖಕಿ ಅದನ್ನು ಒಂದು ವಿಮರ್ಶೆಯಲ್ಲಿ ಕಾದಂಬರಿಗೆ ತಂದರು. ಯಾರ ಕಾದಂಬರಿಗೆ? ಡೊರೊಥಿ ರಿಚರ್ಡ್‌ಸನ್ ಅನ್ನುವ ಹೆಂಗಸಿನ ಕಾದಂಬರಿಗಳಿಗೆ. ಅವರ 'ಪಿಲ್ಗ್ರಿಮೇಜ್' ಮಾಲೆಯ ಮೊದಲ ಭಾಗ 1915ರಲ್ಲಿ ಬಂತು. ಜಾಯ್ಸ್ ಅವರ 'ಯುಲಿಸಿಸ್' ಪುಸ್ತಕವಾಗಿ ಬಂದದ್ದು 1922ರಲ್ಲಿ. ಆ ಮಾಲೆ ಹದಿಮೂರು ಭಾಗ. ಕೊನೆಯದು 1967ರಲ್ಲಿ ಹೊರಬಂತು, ಅವರು ತೀರಿಕೊಂಡು ಹತ್ತು ವರ್ಷ ಆಗಿತ್ತು. ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ನಮ್ಮ ಸಿಲೆಬಸ್‌ಗಳಲ್ಲಿ ಎಲ್ಲಿದೆ? ಇದು ನನಗೆ ನಿಜವಾಗಿ ಬೇಸರ ತರುವ ವಿಷಯ.

ಹದಿಮೂರು ಭಾಗಗಳಲ್ಲೂ ಒಬ್ಬಳೇ, ಮಿರಿಯಂ ಹೆಂಡರ್ಸನ್. ನಾವು ಅವಳ ತಲೆಯಿಂದ ಆಚೆ ಹೋಗುವುದೇ ಇಲ್ಲ. ಅವಳು ಲಂಡನ್ನಿನ ದಂತವೈದ್ಯರ ಕಡೆ ವಾರಕ್ಕೆ ಒಂದು ಪೌಂಡ್ ಸಂಬಳಕ್ಕೆ ಕೆಲಸ ಮಾಡುತ್ತಾಳೆ. ರಿಚರ್ಡ್‌ಸನ್ ಅವರೂ ಅಂಥದೇ ಕೆಲಸ ಮಾಡಿದವರು. 1919ರಲ್ಲಿ ಬಂದ ಭಾಗದಲ್ಲಿ ಅವಳ ಒಂದು ದಿನದ ಕೆಲಸ ಪುಟಗಟ್ಟಲೆ ಇದೆ. ಉಪಕರಣ ತೊಳೆಯುವುದು, ರೋಗಿಗಳ ಲೆಕ್ಕ ಬರೆಯುವುದು, ನಡುವೆ ಯೋಚನೆ, ಮತ್ತೆ ಯಾರೋ ಕರೆಯುತ್ತಾರೆ, ಯೋಚನೆ ತುಂಡಾಗುತ್ತದೆ. ಈ ತುಂಡಾಗುವುದು ಬಹಳ ಮುಖ್ಯ. ನೀರು ಹರಿದ ಹಾಗೆ ಯೋಚಿಸಲು ಅವಳಿಗೆ ಬಿಡುವೆಲ್ಲಿ? ಕೆಲಸ ಮಾಡುವ ಹೆಂಗಸಿನ ಯೋಚನೆ ಹೀಗೇ ಇರುತ್ತದೆ. ರಿಚರ್ಡ್‌ಸನ್ ಅವರಿಗೂ ಈ 'ಪ್ರವಾಹ' ಅನ್ನುವ ಹೋಲಿಕೆ ಹಿಡಿಸಿರಲಿಲ್ಲ.

1923ರಲ್ಲಿ ವರ್ಜೀನಿಯಾ ವುಲ್ಫ್ ಅವರು ರಿಚರ್ಡ್‌ಸನ್ ಬಗ್ಗೆ ಬರೆಯುತ್ತಾ, ಇವರು ಸ್ತ್ರೀಲಿಂಗದ ಮನಶ್ಶಾಸ್ತ್ರೀಯ ವಾಕ್ಯವೊಂದನ್ನು ಕಂಡುಹಿಡಿದಿದ್ದಾರೆ ಅಂದರು. ಎಳೆದಷ್ಟೂ ಹಿಗ್ಗುವ ವಾಕ್ಯ ಅಂತ. ಈ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದರ ಮುಂದಿನ ಮಾತನ್ನು ಬಿಟ್ಟುಬಿಡುತ್ತಾರೆ. ಇಂಥ ವಾಕ್ಯವನ್ನು ಗಂಡಸರೂ ಬರೆದಿದ್ದಾರೆ ಅಂತ ವುಲ್ಫ್ ಅಲ್ಲೇ ಹೇಳಿದ್ದಾರೆ. ಇದು ಹೆಂಗಸಿನ ವಾಕ್ಯ ಆಗುವುದು ಒಂದೇ ಅರ್ಥದಲ್ಲಿ: ತನ್ನ ಹೆಣ್ಣುಜಾತಿಯ ಮನಸ್ಸಿನಲ್ಲಿ ಏನು ಸಿಕ್ಕಿದರೂ ಅದರ ಬಗ್ಗೆ ಜಂಬವೂ ಇಲ್ಲದ, ಹೆದರಿಕೆಯೂ ಇಲ್ಲದ ಲೇಖಕಿ ಹೆಣ್ಣಿನ ಮನಸ್ಸನ್ನು ಹೇಳಲು ಅದನ್ನು ಬಳಸಿದಾಗ. ಅಂದರೆ ವ್ಯಾಕರಣಕ್ಕೆ ಹೆಣ್ಣು ಗಂಡು ಇಲ್ಲ. ಯಾರು, ಯಾತಕ್ಕೆ, ಯಾವ ಧೈರ್ಯದಿಂದ ಬಳಸಿದರು ಅನ್ನುವುದೇ ಲೆಕ್ಕ. 'ಯುಲಿಸಿಸ್' ಕೊನೆಯಲ್ಲಿ ಮಾಲಿ ಬ್ಲೂಮ್ ಅನ್ನುವ ಹೆಂಗಸು ಹಾಸಿಗೆಯಲ್ಲಿ ಮಲಗಿ ಅಲ್ಪವಿರಾಮ ಇಲ್ಲದೆ ಯೋಚಿಸುವುದು ಅದ್ಭುತವಾದ ಬರವಣಿಗೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಚಿಹ್ನೆ ತೆಗೆದುಬಿಟ್ಟರೆ ಹೆಣ್ಣಿನ ಮನಸ್ಸಾಯಿತು ಅನ್ನುವವರಿಗೆ ನಾನು ಶಾಲು ಹೊದ್ದು ಕೂತ ಜೇನ್ ಐರ್‌ಳನ್ನು ತೋರಿಸುತ್ತೇನೆ. ಅವಳ ಒಂದೊಂದು ಪ್ರಶ್ನೆಗೂ ಪ್ರಶ್ನಾರ್ಥಕ ಚಿಹ್ನೆ ಇದೆ.

ವುಲ್ಫ್ ಅವರ 'ಮಿಸೆಸ್ ಡ್ಯಾಲೊವೆ' 1925ರಲ್ಲಿ ಬಂತು. ಲಂಡನ್ನಿನಲ್ಲಿ ಜೂನ್ ತಿಂಗಳ ಒಂದು ದಿನದ ಕತೆ. ಕ್ಲಾರಿಸಾ ಡ್ಯಾಲೊವೆ ಅವತ್ತು ರಾತ್ರಿಯ ಪಾರ್ಟಿಗೆ ತನ್ನ ಹಸಿರು ಉಡುಪಿನ ಹರಿದ ಜಾಗವನ್ನು ಹೊಲಿಯುತ್ತಾ ಕೂತಿದ್ದಾಳೆ. ಪೀಟರ್ ವಾಲ್ಷ್ ಬರುತ್ತಾನೆ. ಒಂದು ಕಾಲದಲ್ಲಿ ಇವಳನ್ನು ಮದುವೆಯಾಗಬೇಕು ಅಂತಿದ್ದವನು, ಇವಳು ಬೇಡ ಅಂದವಳು. ಇಂಡಿಯಾದಿಂದ ಈಗಷ್ಟೇ ಬಂದಿದ್ದಾನೆ. ಅವಳ ಕೈಯಲ್ಲಿ ಸೂಜಿ, ಪಕ್ಕದಲ್ಲಿ ಕತ್ತರಿ. ಅವನು ಮಾತಾಡುತ್ತಾ ಜೇಬಿನಿಂದ ಒಂದು ಮಡಚುವ ಚಾಕು ತೆಗೆದು ತೆರೆಯುತ್ತಾನೆ, ಮುಚ್ಚುತ್ತಾನೆ. ಹೊರಗಿನ ಮಾತು ಬಹಳ ಸಪ್ಪೆ. ಹೇಗಿದ್ದೀ, ಚೆನ್ನಾಗಿದ್ದೀಯಾ, ಮನೆಯವರೆಲ್ಲ ಹೇಗಿದ್ದಾರೆ. ಒಳಗೆ? ಅವನು ಅಂದುಕೊಳ್ಳುತ್ತಾನೆ: ನಾನು ಇಂಡಿಯಾದಲ್ಲಿ ಇದ್ದಷ್ಟು ದಿನವೂ ಇವಳು ಇಲ್ಲೇ ಕೂತು ಬಟ್ಟೆ ಹೊಲಿಯುತ್ತಾ, ಪಾರ್ಟಿಗೆ ಹೋಗುತ್ತಾ ಇದ್ದಳು. ಅವಳು ಅಂದುಕೊಳ್ಳುತ್ತಾಳೆ: ಅಯ್ಯೋ, ಆ ಚಾಕು ಕೆಳಗಿಡಬಾರದಾ!

ಈ ಒಂದು ವಾಕ್ಯದ ಮೇಲೆ ನಾನು ಎಷ್ಟೋ ಹೊತ್ತು ಕೂತಿದ್ದೇನೆ. ಅವಳು ತನ್ನೊಳಗೇ ಕಿರುಚುತ್ತಾಳೆ ಅಂತ ವುಲ್ಫ್ ಬರೆಯುತ್ತಾರೆ. ಬಾಯಲ್ಲಿ ಹೇಳಬಹುದಿತ್ತು. ಹಳೆಯ ಗೆಳೆಯ, ತನ್ನದೇ ಮನೆ. ಹೇಳುವುದಿಲ್ಲ. ಅವನ ಒಳಮಾತು ಅವಳ ಇಡೀ ಬದುಕಿಗೆ ತೀರ್ಪು ಕೊಡುತ್ತಿದೆ, ಅವಳ ಒಳಮಾತು ಒಂದು ಚಾಕುವಿನ ಮೇಲೆ ನಿಂತಿದೆ. ಮೇಲಿಂದ ನೋಡಿದರೆ ಅವನದು ದೊಡ್ಡ ಯೋಚನೆ, ಅವಳದು ಸಣ್ಣದು. ಆದರೆ ಆ ಚಾಕುವಿನ ಸದ್ದು ಅವಳಿಗೆ ಹೊಸದಲ್ಲ. ಮೂವತ್ತು ವರ್ಷದಿಂದ ಅವನು ಹೀಗೇ ಮಾಡುತ್ತಿದ್ದಾನೆ, ಅವಳ ಮುಂದೆ ಕೂತು ಅದನ್ನು ತೆರೆಯುತ್ತಾ, ಮುಚ್ಚುತ್ತಾ, ಅವಳನ್ನು ಅಳೆಯುತ್ತಾ. ಅವಳು ಅವನ ತೀರ್ಪನ್ನು ಆ ಚಾಕುವಿನಲ್ಲೇ ಕೇಳಿಸಿಕೊಳ್ಳುತ್ತಿದ್ದಾಳೆ. ಯುದ್ಧಕ್ಕೆ ಮೊದಲು ಕುದುರೆಗಳು ನೆಲ ಕೆರೆಯುವ ಹೋಲಿಕೆಯನ್ನು ವುಲ್ಫ್ ಇಲ್ಲೇ ತರುತ್ತಾರೆ. ಸೂಜಿ ಒಂದು ಕಡೆ, ಚಾಕು ಒಂದು ಕಡೆ. ಆಮೇಲೆ ಇದ್ದಕ್ಕಿದ್ದ ಹಾಗೆ ಅವನು ಅಳುತ್ತಾನೆ. ಅವಳು ಅವನ ಕೈ ಹಿಡಿದು ಮುತ್ತು ಕೊಡುತ್ತಾಳೆ. ಆಗ ಅವಳ ತಲೆಯಲ್ಲಿ ಮಿಂಚಿ ಹೋಗುವ ಮಾತು: ಇವನನ್ನು ಮದುವೆಯಾಗಿದ್ದರೆ ಈ ಖುಷಿ ದಿನಾ ನನ್ನದಾಗಿರುತ್ತಿತ್ತು. ಅದನ್ನೂ ಹೇಳುವುದಿಲ್ಲ.

ಅದೇ ಕಾದಂಬರಿಯಲ್ಲಿ ಸೆಪ್ಟಿಮಸ್ ಅನ್ನುವ ಯುವಕ ಇದ್ದಾನೆ, ಮಹಾಯುದ್ಧದಿಂದ ಮನಸ್ಸು ಕೆಟ್ಟು ಬಂದವನು. ಅವನ ಒಳಮಾತು ಹೊರಗೆ ಬಂದುಬಿಡುತ್ತದೆ. ಪಾರ್ಕಿನಲ್ಲಿ ಕೂತು ತನ್ನಷ್ಟಕ್ಕೆ ಮಾತಾಡುತ್ತಾನೆ, ಜನ ನೋಡುತ್ತಾರೆ ಅಂತ ಹೆಂಡತಿಗೆ ಹೆದರಿಕೆ. ಕ್ಲಾರಿಸಾ ಒಳಗೇ ಇಟ್ಟುಕೊಂಡದ್ದಕ್ಕೆ ಗೃಹಿಣಿ, ಇವನು ಹೊರಗೆ ಬಿಟ್ಟದ್ದಕ್ಕೆ ಹುಚ್ಚ. ಗಂಡಸು ಗಟ್ಟಿಯಾಗಿರಬೇಕು ಅನ್ನುವ ಲೋಕದಲ್ಲಿ ಗಂಡಸಿನ ಒಳಮಾತಿಗೂ ಜಾಗ ಇರಲಿಲ್ಲ ಅನ್ನುವುದನ್ನು ವುಲ್ಫ್ ಅಷ್ಟೇ ಪ್ರೀತಿಯಿಂದ ಬರೆದರು.

ಈಗ ಜೀನ್ ರೀಸ್. 1939ರ 'ಗುಡ್ ಮಾರ್ನಿಂಗ್, ಮಿಡ್‌ನೈಟ್'. ಸಾಶಾ ಪ್ಯಾರಿಸ್ಸಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ದಿನಗಳನ್ನು ನೆನೆಯುತ್ತಾಳೆ. ಲಂಡನ್ನಿನಿಂದ ಯಜಮಾನ ಬರುತ್ತಾನೆ. ಅವನ ಹೆಸರು ಕಾದಂಬರಿಯಲ್ಲಿ ಮಿಸ್ಟರ್ ಬ್ಲ್ಯಾಂಕ್. ಒಂದು ಲಕೋಟೆ ಕೊಟ್ಟು ಎಲ್ಲಿಗೋ ತೆಗೆದುಕೊಂಡು ಹೋಗು ಅನ್ನುತ್ತಾನೆ. ಅವನು ಹೇಳಿದ ಫ್ರೆಂಚ್ ಪದ ಇವಳಿಗೆ ತಿಳಿಯುವುದಿಲ್ಲ. ಮತ್ತೆ ಕೇಳುವ ಧೈರ್ಯ ಇಲ್ಲ. ಕಟ್ಟಡದ ತುಂಬ ಬಾಗಿಲು ತೆರೆಯುತ್ತಾ, ಮೆಟ್ಟಿಲು ಹತ್ತಿ ಇಳಿಯುತ್ತಾ ಅಲೆದು ಲಕೋಟೆ ಹಿಡಿದುಕೊಂಡೇ ವಾಪಸ್ ಬರುತ್ತಾಳೆ. ಅವನು ಹೇಳಿದ್ದು ಕ್ಯಾಷಿಯರ್ ಇರುವ ಜಾಗ. ಉಚ್ಚಾರ ತಪ್ಪು ಅವನದು, ದಡ್ಡಿ ಅನ್ನಿಸಿಕೊಂಡವಳು ಇವಳು.

ಆಮೇಲೆ ಒಂದು ದೊಡ್ಡ ಭಾಷಣ ಬರುತ್ತದೆ. ಬನ್ನಿ ಮಿಸ್ಟರ್ ಬ್ಲ್ಯಾಂಕ್, ಇದನ್ನು ವಾದ ಮಾಡಿ ಬಗೆಹರಿಸೋಣ. ಸಮಾಜದ ಪರವಾಗಿ ನಿಂತಿರುವ ನಿಮಗೆ ನನಗೆ ತಿಂಗಳಿಗೆ ನಾಲ್ಕು ನೂರು ಫ್ರಾಂಕ್ ಕೊಡುವ ಹಕ್ಕು ಇದೆ, ಅದೇ ನನ್ನ ಮಾರುಕಟ್ಟೆ ಬೆಲೆ... ಹೀಗೆ ಸಾಲು ಸಾಲಾಗಿ, ಒಂದೂ ತಪ್ಪಿಲ್ಲದ ವಾದ. ಓದುತ್ತಾ ಓದುತ್ತಾ ನಮಗೆ ಎದೆಯುಬ್ಬುತ್ತದೆ. ಸರಿಯಾಗಿ ಕೊಟ್ಟಳು ನೋಡು ಅನ್ನಿಸುತ್ತದೆ. ಆಗ ಮೂರು ಸಣ್ಣ ವಾಕ್ಯ. ಇದನ್ನೆಲ್ಲ ನಾನು ಹೇಳಿದೆನಾ? ಖಂಡಿತ ಇಲ್ಲ. ನಾನು ಹೀಗೆ ಅಂದುಕೊಳ್ಳಲೂ ಇಲ್ಲ.

ಅಂದುಕೊಳ್ಳಲೂ ಇಲ್ಲ! ಹಾಗಾದರೆ ನಾವು ಓದಿದ್ದು ಏನು? ಬಾಯಿಗೆ ಬರದ ಮಾತನ್ನು ಒಳಮಾತು ಅಂತ ಬರೆಯುವುದು ಎ‌ಲ್ಲರಿಗೂ ಗೊತ್ತಿತ್ತು. ಮನಸ್ಸಿಗೂ ಬರದ ಮಾತನ್ನು ಬರೆಯುವುದು ರೀಸ್ ಅವರಿಗೆ ಗೊತ್ತಿತ್ತು. ಬೈಗುಳ ತಿನ್ನುತ್ತಾ ನಿಂತಿರುವಾಗ ತಲೆ ಖಾಲಿಯಾಗಿಬಿಡುತ್ತದೆ. ಉತ್ತರ ಬರುವುದು ಬಸ್ಸಿನಲ್ಲಿ ಕೂತಾಗ, ಕೆಲವು ಸಲ ವರ್ಷಗಳಾದ ಮೇಲೆ. ಅಧಿಕಾರ ಇದ್ದವರ ಮುಂದೆ ನಿಂತವಳಿಗೆ ಒಳಗಿನ ಮಾತೂ ಆ ಗಳಿಗೆಯಲ್ಲಿ ಸಿಗುವುದಿಲ್ಲ. ನನಗೆ ಒಮ್ಮೆ ಹೀಗಾಗಿದೆ. ನನ್ನ ಮೊದಲ ಕೆಲಸದಲ್ಲಿ, ನಾನು ಮಾಡದ ತಪ್ಪಿಗೆ ಹತ್ತು ಜನರ ಮುಂದೆ ಅನ್ನಿಸಿಕೊಂಡು ನಿಂತಿದ್ದೆ. ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟ್, ಅದರೊಳಗಿನ ಹಸಿರು ಗುಳ್ಳೆ, ಅದಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಕೊಡಬೇಕಾದ ಉತ್ತರ ಆಮೇಲೆ ಎಷ್ಟೋ ರಾತ್ರಿ ಬಂತು. ಈಗಲೂ ಬರುತ್ತದೆ.

ಕೊನೆಗೆ ನಿಮ್ಮೂರಿನವರ ಹತ್ತಿರ ಬರುತ್ತೇನೆ. ಶಶಿ ದೇಶಪಾಂಡೆ ಅವರು ಹುಟ್ಟಿದ್ದು ಇದೇ ಧಾರವಾಡದಲ್ಲಿ, 1938ರಲ್ಲಿ. ಶ್ರೀರಂಗರ ಮಗಳು. ಕನ್ನಡ ನಾಟಕದ ದೊಡ್ಡ ಹೆಸರು ಶ್ರೀರಂಗ, ನಾಟ್ಯಶಾಸ್ತ್ರವನ್ನು ಅನುವಾದಿಸಿದವರು. ನಾಟಕದಲ್ಲಿ 'ಸ್ವಗತ' ಅಂತ ಇರುತ್ತದಲ್ಲ, ಪಕ್ಕದಲ್ಲಿ ನಿಂತ ಪಾತ್ರಕ್ಕೆ ಕೇಳಿಸುವುದಿಲ್ಲ, ಕೊನೆಯ ಸಾಲಿನಲ್ಲಿ ಕೂತ ನಮಗೆ ಕೇಳಿಸುತ್ತದೆ. ಆ ಮನೆಯಲ್ಲಿ ಬೆಳೆದ ಮಗಳು ಇಂಗ್ಲಿಷಿನಲ್ಲಿ ಬರೆದ 'ದಟ್ ಲಾಂಗ್ ಸೈಲೆನ್ಸ್' 1988ರಲ್ಲಿ ಬಂತು, 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಇಡೀ ಕಾದಂಬರಿ ಒಂದು ಸ್ವಗತ ಅನ್ನಬಹುದು. ಪಕ್ಕದಲ್ಲಿ ನಿಂತ ಗಂಡನಿಗೆ ಅದು ಕೇಳಿಸುವುದಿಲ್ಲ.

ಜಯಾ, ಅವಳ ಗಂಡ ಮೋಹನ. ಕಚೇರಿಯ ಅವ್ಯವಹಾರದ ವಿಚಾರಣೆ ಬಂದು ಇಬ್ಬರೂ ಮುಂಬಯಿಯ ದಾದರಿನ ಒಂದು ಹಳೆಯ ಫ್ಲಾಟಿನಲ್ಲಿ ಸದ್ದಿಲ್ಲದೆ ಇದ್ದಾರೆ. ಜಯಾ ಅನ್ನುವುದು ಅಪ್ಪ ಇಟ್ಟ ಹೆಸರು. ಮದುವೆಯಲ್ಲಿ ಮೋಹನ ಇಟ್ಟ ಹೆಸರು ಸುಹಾಸಿನಿ. ಅವಳು ಬರೆಯುತ್ತಿದ್ದವಳು. ಒಂದು ಕತೆಗೆ ಬಹುಮಾನ ಬರುತ್ತದೆ. ದೇಹದ ಮೂಲಕ ಬಿಟ್ಟರೆ ಬೇರೆ ದಾರಿಯಲ್ಲಿ ಹೆಂಡತಿಯನ್ನು ಮುಟ್ಟಲಾರದ ಗಂಡನ ಕತೆ. ಜನ ಇದು ನನ್ನ ಕತೆ ಅಂದುಕೊಳ್ಳುತ್ತಾರಲ್ಲ ಅಂತ ಮೋಹನ ನೊಂದುಕೊಳ್ಳುತ್ತಾನೆ. ಜಯಾ ಅಂಥದ್ದನ್ನು ಬರೆಯುವುದು ಬಿಟ್ಟು, 'ಸೀತಾ' ಅನ್ನುವ ಹಗುರವಾದ ಅಂಕಣ ಬರೆಯುತ್ತಾಳೆ. ಗಂಡನ ಮಾತು ಒಳಗೆ ಹೋಗಿ ಕೂತದ್ದು ಹೀಗೆ. ಅವನು ಬೇಡ ಅನ್ನುವುದಕ್ಕೆ ಮೊದಲೇ ಅವಳೇ ಬೇಡ ಅಂದುಕೊಳ್ಳುತ್ತಾಳೆ. ನಿನ್ನ ಕತೆಗಳಲ್ಲಿ ಸಿಟ್ಟು ಯಾಕಿಲ್ಲ ಅಂತ ನೆರೆಯ ಗೆಳೆಯ ಕಾಮತ್ ಕೇಳಿದಾಗ ಅವಳ ಉತ್ತರ, ಹೆಂಗಸಿಗೆ ಸಿಟ್ಟು ಬರುವಂತಿಲ್ಲ, ಬಂದರೆ ಅದಕ್ಕೆ ಹಿಸ್ಟೀರಿಯಾ ಅಂತ ಹೆಸರು ಅನ್ನುವ ಅರ್ಥದ್ದು. ಮುಂದೆ ಮೋಹನ ಅವಳ ಮೇಲೆ ಸಾಲು ಸಾಲು ಆಪಾದನೆ ಹೊರಿಸುವಾಗ, ಒಳಗೆ ಬೇಕಾದಷ್ಟು ಉತ್ತರ ಇದೆ. ಬಾಯಿಗೆ ಬರುವುದು ನಗು. ತಡೆಯಲಾಗದ ನಗು. ಬರ್ತಾಳ ನಗು ನೆನಪಾಗುತ್ತದೆ ನನಗೆ. ಈ ಸಲ ಮಾತ್ರ ಆ ನಗುವಿನ ಒಳಗೆ ಏನಿದೆ ಅಂತ ನಮಗೆ ಗೊತ್ತು.

ಕಾದಂಬರಿಯ ಕೊನೆಯ ಪುಟಗಳಲ್ಲಿ ಜಯಾಗೆ ಸಂಸ್ಕೃತ ನಾಟಕ ಓದಿದ ದಿನ ನೆನಪಾಗುತ್ತದೆ. ಆ ನಾಟಕಗಳ ನಿಯಮದ ಪ್ರಕಾರ ಹೆಂಗಸರು ಸಂಸ್ಕೃತ ಆಡುವಂತಿಲ್ಲ, ಪ್ರಾಕೃತದಲ್ಲಿ ಮಾತಾಡಬೇಕು. ಓದುವಾಗ ಅವಳಿಗೆ ಎಷ್ಟು ಕೋಪ ಬಂದಿತ್ತು! ಈಗ ಹೊಳೆಯುತ್ತದೆ, ಇಷ್ಟು ವರ್ಷ ತಾನೂ ಪ್ರಾಕೃತದಲ್ಲೇ ಮಾತಾಡಿದ್ದು. ಶ್ರೀರಂಗರ ಮಗಳಲ್ಲದೆ ಬೇರೆ ಯಾರಿಗೆ ಈ ಹೋಲಿಕೆ ಇಷ್ಟು ಸಹಜವಾಗಿ ಬರುತ್ತಿತ್ತು?

ಆದರೆ ನಾನು ನಿಲ್ಲಬೇಕು ಅಂದುಕೊಂಡಿರುವುದು ಅದೇ ಕಾದಂಬರಿಯ ಇನ್ನೊಂದು ಕಡೆ. ಮೋಹನ ತನ್ನ ತಾಯಿಯ ಬಗ್ಗೆ ಜಯಾಗೆ ಒಂದು ನೆನಪು ಹೇಳುತ್ತಾನೆ. ರಾತ್ರಿ ತಡವಾಗಿ ಅಪ್ಪ ಊಟಕ್ಕೆ ಬರುತ್ತಾನೆ. ಹೊಸದಾಗಿ ಅರೆದ ಚಟ್ನಿ ಇಲ್ಲ ಅಂತ ತಟ್ಟೆಯನ್ನು ಗೋಡೆಗೆ ಎಸೆದು ಹೊರಗೆ ಹೋಗುತ್ತಾನೆ. ತಾಯಿ ಏನೂ ಅನ್ನುವುದಿಲ್ಲ. ಚೆಲ್ಲಿದ್ದನ್ನು ಬಾಚುತ್ತಾಳೆ, ನೆಲ ಒರೆಸುತ್ತಾಳೆ, ಗೋಡೆ ಒರೆಸುತ್ತಾಳೆ. ಮತ್ತೆ ಚಟ್ನಿ ಅರೆದು, ಒಲೆ ಹೊತ್ತಿಸಿ, ಅನ್ನಕ್ಕಿಟ್ಟು, ಅವನು ಬರುವವರೆಗೆ ಒಲೆಯ ಮುಂದೆ ಕೂರುತ್ತಾಳೆ. ಆಗಿನ ಹೆಂಗಸರು ಎಷ್ಟು ಗಟ್ಟಿ ಅನ್ನುತ್ತಾನೆ ಮೋಹನ. ಅವನಿಗೆ ಕಂಡದ್ದು ಶಕ್ತಿ. ಜಯಾಗೆ ಕಂಡದ್ದು ಹತಾಶೆ, ಮಾತಾಗಿ ಹೊರಬರಲಾರದಷ್ಟು ದೊಡ್ಡ ಹತಾಶೆ.

ಶಶಿ ದೇಶಪಾಂಡೆ ಅವರಂಥ ಲೇಖಕಿಗೆ ಆ ತಾಯಿಯ ತಲೆಯೊಳಗೆ ಹೋಗುವುದು ಕಷ್ಟವಿರಲಿಲ್ಲ. ಅರ್ಧ ಪುಟ ಸಾಕಿತ್ತು. ಅವರು ಹೋಗಲಿಲ್ಲ. ಮಗ ಒಂದು ಅರ್ಥ ಹೇಳುತ್ತಾನೆ, ಸೊಸೆ ಒಂದು ಅರ್ಥ ಹೇಳುತ್ತಾಳೆ. ಚಟ್ನಿ ಅರೆಯುವಾಗ ಅವಳು ಏನು ಅಂದುಕೊಂಡಳು, ಅವಳ ತುಟಿ ಅಲ್ಲಾಡಿತಾ ಇಲ್ಲವಾ, ಅದು ಆ ಪುಟದಲ್ಲಿ ಇಲ್ಲ.